ವಾರಕ್ಕೆ ಮೂರು ದಿನದ ಕೆಲಸ, ಸೋಮವಾರದ ಬ್ಯಾಂಕ್ ಹಾಲಿಡೇ: ಬ್ರಿಟನ್ನಿನಲ್ಲಿರುವವರ ಅನುಭವ

ಪ್ರಶ್ನೆ, ರೆಡಿಂಗ್‌ನಿಂದ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಖಾಸಗಿ ಕಚೇರಿಯಲ್ಲಿ ಮಂಗಳವಾರದಿಂದ ಗುರುವಾರದವರೆಗೆ, ದಿನಕ್ಕೆ ಏಳೂವರೆ ಗಂಟೆಯಂತೆ ಕೆಲಸ ಮಾಡುತ್ತಿದ್ದೇನೆ. ಪೂರ್ಣಾವಧಿಯವರಿಗೆ ವರ್ಷಕ್ಕೆ 25 ದಿನ ರಜೆ, ಅದರ ಮೇಲೆ 8 ಬ್ಯಾಂಕ್ ಹಾಲಿಡೇ, ಅಂದರೆ ಇಲ್ಲಿನ ಸಾರ್ವಜನಿಕ ರಜಾ ದಿನಗಳು. ನನಗೆ 15 ದಿನ ಕೊಟ್ಟು, ಬ್ಯಾಂಕ್ ಹಾಲಿಡೇ ನನ್ನ ಕೆಲಸದ ದಿನ ಬಿದ್ದರೆ ಸಂಬಳ ಸಹಿತ ರಜೆ, ಬೀಳದಿದ್ದರೆ ಏನೂ ಇಲ್ಲ ಎಂದಿದ್ದಾರೆ. ನಮ್ಮ ರಜೆಯ ವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ. 2026ರ ಪಟ್ಟಿ ತೆಗೆದು ನೋಡಿದರೆ ನನ್ನ ದಿನಗಳಲ್ಲಿ ಬರುವುದು ಜನವರಿ 1 ಒಂದೇ. ಮೂರು ವಾರ ಊರಿಗೆ ಹೋಗಿಬರಬೇಕೆಂದು ರಜೆ ಕೂಡಿಡುತ್ತಿರುವುದರಿಂದ ನನಗೆ ಅರ್ಧ ದಿನವೂ ಲೆಕ್ಕವೇ. ಹೀಗೆ ಕೊಡುವುದು ಸರಿಯೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ, ಪೇರೋಲ್ (ಸಂಬಳದ ಲೆಕ್ಕ) ಕೆಲಸದಲ್ಲಿದ್ದವರಿಂದ

ಮೇಡಂ, ಸರಿಯಲ್ಲ. ಮೊದಲು ಕನಿಷ್ಠ ಹಕ್ಕನ್ನು ನೋಡೋಣ. 1998ರ ವರ್ಕಿಂಗ್ ಟೈಮ್ ರೆಗ್ಯುಲೇಷನ್ಸ್ ಪ್ರಕಾರ ಇಲ್ಲಿ ಪ್ರತಿಯೊಬ್ಬ ಕೆಲಸಗಾರರಿಗೂ ವರ್ಷಕ್ಕೆ 5.6 ವಾರ ಸಂಬಳ ಸಹಿತ ರಜೆ ಸಿಗಲೇಬೇಕು. ವಾರಕ್ಕೆ ಐದು ದಿನ ದುಡಿಯುವವರಿಗೆ ಅದು 28 ದಿನ, ಮೂರು ದಿನ ದುಡಿಯುವ ನಿಮಗೆ 16.8 ದಿನ. ಬ್ಯಾಂಕ್ ಹಾಲಿಡೇಗೆ ರಜೆ ಕೊಡಲೇಬೇಕೆಂಬ ಕಾನೂನಿಲ್ಲ, ಅವನ್ನು ಈ ಕನಿಷ್ಠದೊಳಗೇ ಸೇರಿಸಿ ಎಣಿಸಲು ಕಂಪನಿಗೆ ಅವಕಾಶವಿದೆ. ಹಾಗೆ ಸೇರಿಸಿ ಎಣಿಸಿದರೂ ಈ ವರ್ಷ ನಿಮಗೆ ಬರುವುದು 15ರ ಜೊತೆ ಒಂದು, ಒಟ್ಟು 16 ದಿನ. ಅಂದರೆ ಕಾನೂನಿನ ಕನಿಷ್ಠಕ್ಕೇ 0.8 ದಿನ, ಗಂಟೆಗಳಲ್ಲಿ ಆರು ಗಂಟೆ ಕೊರತೆ. ಕಳೆದ ವರ್ಷ ಇದು ಯಾರ ಕಣ್ಣಿಗೂ ಬಿದ್ದಿರಲಾರದು. ಏಕೆಂದರೆ 2025ರಲ್ಲಿ ಹೊಸ ವರ್ಷ ಬುಧವಾರ, ಕ್ರಿಸ್‌ಮಸ್ ಗುರುವಾರ ಬಂದು, ಇದೇ ಪದ್ಧತಿಯಲ್ಲಿ 17 ದಿನವಾಗುತ್ತಿತ್ತು.

ಎರಡನೆಯದು ಸಮಾನತೆಯ ಮಾತು. 2000ನೇ ಇಸವಿಯ ಪಾರ್ಟ್ ಟೈಮ್ ಕೆಲಸಗಾರರ ನಿಯಮಗಳು, ಪಾರ್ಟ್ ಟೈಮ್ ಎಂಬ ಕಾರಣಕ್ಕೆ ಯಾರನ್ನೂ ಕೀಳಾಗಿ ನಡೆಸಿಕೊಳ್ಳಬಾರದೆನ್ನುತ್ತವೆ. ನಾವು ಪೇರೋಲ್‌ನಲ್ಲಿ ಮಾಡುತ್ತಿದ್ದ ಕ್ರಮವನ್ನು ಹೇಳುತ್ತೇನೆ: ದಿನಗಳನ್ನು ಮರೆತು ಗಂಟೆಗಳಲ್ಲಿ ಎಣಿಸುವುದು, ರಜೆ ಮತ್ತು ಬ್ಯಾಂಕ್ ಹಾಲಿಡೇ ಎರಡನ್ನೂ ಒಂದೇ ಗಂಟಿಗೆ ಹಾಕುವುದು. ಪೂರ್ಣಾವಧಿಯವರ 25 ಮತ್ತು 8 ಸೇರಿ 33 ದಿನ. ಅದರ ಐದನೇ ಮೂರು ಪಾಲು 19.8 ದಿನ, ಅಂದರೆ 148.5 ಗಂಟೆ. ಬ್ಯಾಂಕ್ ಹಾಲಿಡೇ ನಿಮ್ಮ ಕೆಲಸದ ದಿನ ಬಂದಾಗ ಆ ಗಂಟಿನಿಂದ 7.5 ಗಂಟೆ ಕಳೆಯಬೇಕು, ಬರದಿದ್ದರೆ ಕಳೆಯುವ ಹಾಗಿಲ್ಲ. 19.8 ಅನ್ನು 20 ಮಾಡಿದರೆ ಸಂತೋಷ. ಆದರೆ ಕಾನೂನಿನ ಕನಿಷ್ಠವಾದ 16.8 ಅನ್ನು 16ಕ್ಕೆ ಇಳಿಸುವಂತಿಲ್ಲ.

ಉತ್ತರ, ಲೆಸ್ಟರ್‌ನಿಂದ

ನನ್ನದು ನಿಮ್ಮ ಕಥೆಯ ತದ್ವಿರುದ್ಧ. ನಾನು ದುಡಿಯುವುದು ಸೋಮವಾರ ಮತ್ತು ಶುಕ್ರವಾರ. ಮೇಲಿನವರು ಹೇಳಿದ ಒಂದೇ ಗಂಟಿನ ಲೆಕ್ಕದಲ್ಲಿ ನನಗೆ ಬರುವುದು 13.2 ದಿನ. ಗುಡ್ ಫ್ರೈಡೇ, ಈಸ್ಟರ್ ಸೋಮವಾರ, ಮೇ ತಿಂಗಳಲ್ಲಿ ಎರಡು, ಆಗಸ್ಟ್ ಕೊನೆಯಲ್ಲೊಂದು, ಈ ವರ್ಷ ಶುಕ್ರವಾರದ ಕ್ರಿಸ್‌ಮಸ್, ಬಾಕ್ಸಿಂಗ್ ಡೇ ಶನಿವಾರವಾದ್ದರಿಂದ ಅದರ ಬದಲಿಗೆ ಡಿಸೆಂಬರ್ 28ರ ಸೋಮವಾರ, ಹೀಗೆ ಏಳು ದಿನ ನಾನು ಕೇಳದೆಯೇ ಕಳೆದುಹೋಗುತ್ತವೆ. ನನ್ನ ಇಷ್ಟಕ್ಕೆ ಉಳಿಯುವುದು 6.2 ದಿನ. ಮೊದಲ ವರ್ಷ ಇದನ್ನು ಕಂಡು ಮೋಸವೆಂದೇ ತಿಳಿದು, ಎಚ್‌ಆರ್‌ಗೆ ಖಾರವಾದ ಈಮೇಲ್ ಬರೆದು, ಆಮೇಲೆ ನಾನೇ ನಾಚಿಕೊಂಡೆ. ಏಕೆಂದರೆ ಮಂಗಳವಾರ, ಬುಧವಾರ ಬರುವ ಸಹೋದ್ಯೋಗಿಗೂ ವರ್ಷದ ಒಟ್ಟು ಗಂಟೆಗಳು ಅಷ್ಟೇ, ಅವಳಿಗೆ ಆಯ್ಕೆ ಹೆಚ್ಚು ಎನ್ನುವುದಷ್ಟೇ ವ್ಯತ್ಯಾಸ. ನಾನು ಮಾಡಿಕೊಂಡ ಉಪಾಯವೆಂದರೆ, ಬ್ಯಾಂಕ್ ಹಾಲಿಡೇ ಇರುವ ವಾರ ಸೋಮವಾರದ ಬದಲು ಬುಧವಾರ ಬಂದು ಕೆಲಸ ಮಾಡಲು ಮ್ಯಾನೇಜರ್ ಒಪ್ಪಿಗೆ ಪಡೆದದ್ದು. ಬಾಯಿಮಾತಿನ ಒಪ್ಪಿಗೆ ಮ್ಯಾನೇಜರ್ ಬದಲಾದ ದಿನವೇ ಮುಗಿಯುತ್ತದೆ, ಆದ್ದರಿಂದ ಬರಹದಲ್ಲಿ ಪಡೆಯಿರಿ.

ಉತ್ತರ, ಗ್ಲಾಸ್ಗೋದಿಂದ

ತಾರತಮ್ಯ ಎಂಬ ಪದವನ್ನು ಮೊದಲ ಪತ್ರದಲ್ಲೇ ಬಳಸಬೇಡಿ, ತಂಗಿ. 2007ರಲ್ಲಿ ಎಡಿನ್‌ಬರೋದ ಕೋರ್ಟ್ ಆಫ್ ಸೆಷನ್ (ಸ್ಕಾಟ್ಲೆಂಡಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ) ಮುಂದೆ ಇಂಥದೇ ಪ್ರಕರಣವೊಂದು ಬಂದಿತ್ತು. ಬುಧವಾರದಿಂದ ಶುಕ್ರವಾರದವರೆಗೆ ದುಡಿಯುತ್ತಿದ್ದ ಪಾರ್ಟ್ ಟೈಮ್ ಉದ್ಯೋಗಿ ಸೋಮವಾರದ ರಜೆಗಳ ಪಾಲು ಕೇಳಿ ಸೋತರು. ಆ ಸಂಸ್ಥೆ ವಾರದ ಏಳೂ ದಿನ ನಡೆಯುತ್ತಿತ್ತು; ಮಂಗಳವಾರದಿಂದ ಶನಿವಾರದವರೆಗೆ ಪೂರ್ಣಾವಧಿ ದುಡಿಯುವವರಿಗೂ ಸೋಮವಾರದ ರಜೆ ಸಿಗುತ್ತಿರಲಿಲ್ಲವಾದ್ದರಿಂದ, ನಷ್ಟಕ್ಕೆ ಕಾರಣ ಸೋಮವಾರ ಕೆಲಸವಿಲ್ಲದಿರುವುದೇ ಹೊರತು ಪಾರ್ಟ್ ಟೈಮ್ ಆಗಿರುವುದಲ್ಲ ಎಂದು ತೀರ್ಪಾಯಿತು. ನಿಮ್ಮ ಕಚೇರಿಯಲ್ಲಿ ಪೂರ್ಣಾವಧಿಯವರೆಲ್ಲ ಸೋಮವಾರದಿಂದ ಶುಕ್ರವಾರದವರೇ ಆಗಿದ್ದರೆ ಆ ವಾದ ಅವರಿಗೆ ಅಷ್ಟು ಸುಲಭವಾಗಿ ಒದಗುವುದಿಲ್ಲ. ಆದರೂ 16.8ರ ಕೊರತೆಯನ್ನು ಮೊದಲು ತೋರಿಸಿ, ಏಕೆಂದರೆ ಅದಕ್ಕೆ ಅವರ ಬಳಿ ಉತ್ತರವಿಲ್ಲ, 19.8 ಅನ್ನು ಅದರ ಹಿಂದೆಯೇ ಕೇಳಿ. ಒಪ್ಪದಿದ್ದರೆ ಉದ್ಯೋಗದ ತಕರಾರುಗಳಲ್ಲಿ ಸಲಹೆ ಕೊಡುವ ಸರ್ಕಾರಿ ಸಂಸ್ಥೆಯಾದ ಏಕಾಸ್ (Acas) ಸಹಾಯವಾಣಿಗೆ ಕರೆ ಮಾಡಿ, ಸಲಹೆ ಉಚಿತ. ಟ್ರಿಬ್ಯೂನಲ್‌ಗೆ ಹೋಗುವ ಗಡುವು ತಿಂಗಳುಗಳ ಲೆಕ್ಕದ್ದು, ವರ್ಷಗಳದ್ದಲ್ಲ, ಹಾಗಾಗಿ ಸುಮ್ಮನೆ ದಿನ ದೂಡಬೇಡಿ.

ಉತ್ತರ, ಮಿಲ್ಟನ್ ಕೀನ್ಸ್‌ನಿಂದ

ರಜೆಯ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಇರುವವರು ಈಸ್ಟರ್ ಮೇಲೊಂದು ಕಣ್ಣಿಡಬೇಕು. 2024ರಲ್ಲಿ ಗುಡ್ ಫ್ರೈಡೇ ಮಾರ್ಚ್ 29ಕ್ಕೆ, ಈಸ್ಟರ್ ಸೋಮವಾರ ಏಪ್ರಿಲ್ 1ಕ್ಕೆ ಬಂದವು. ಮರುವರ್ಷದ ಗುಡ್ ಫ್ರೈಡೇ ಏಪ್ರಿಲ್ 18ಕ್ಕೆ ಬಂತು. ಹೀಗಾಗಿ 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ ಬ್ಯಾಂಕ್ ಹಾಲಿಡೇ ಏಳೇ. ನನ್ನ ಕಾಂಟ್ರ್ಯಾಕ್ಟ್‌ನಲ್ಲಿ 20 ದಿನ ಮತ್ತು ಬ್ಯಾಂಕ್ ಹಾಲಿಡೇ ಎಂದಿದ್ದುದರಿಂದ ಒಟ್ಟು 27 ಆಯಿತು, ಕಾನೂನಿನ ಕನಿಷ್ಠ 28ಕ್ಕಿಂತ ಒಂದು ಕಡಿಮೆ. ಕೇಳಿದ ಮೇಲೆ ಒಂದು ದಿನ ಸೇರಿಸಿದರು.

ಉತ್ತರ, ಕೇರ್ ಹೋಮ್ ಶಿಫ್ಟ್ ಮಾಡುವವರಿಂದ

ವಾರವಾರ ಗಂಟೆ ಬದಲಾಗುವ ನಮ್ಮಂಥವರಿಗೆ ಈ ದಿನಗಳ ಲೆಕ್ಕ ಹೊಂದುವುದಿಲ್ಲ. 2024ರ ಏಪ್ರಿಲ್ 1ರಿಂದ ಈಚೆಗೆ ಆರಂಭವಾದ ರಜೆಯ ವರ್ಷಗಳಲ್ಲಿ, ದುಡಿದ ಗಂಟೆಗಳ 12.07 ಶೇಕಡಾ ರಜೆಯಾಗಿ ಕೂಡುತ್ತದೆ. ನೂರು ಗಂಟೆಗೆ ಸುಮಾರು ಹನ್ನೆರಡು ಗಂಟೆ ಎಂದಿಟ್ಟುಕೊಳ್ಳಿ. ರಜೆಯ ಹಣವನ್ನು ಪ್ರತಿ ಸಂಬಳದ ಜೊತೆಗೇ ಕೊಡುವ ಕಂಪನಿಗಳೂ ಇವೆ. ಹಾಗಿದ್ದರೆ ಪೇಸ್ಲಿಪ್‌ನಲ್ಲಿ ಅದು ಬೇರೆ ಸಾಲಾಗಿ ಕಾಣಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಗಂಟೆಗಳಲ್ಲೇ ಲೆಕ್ಕ ಬರೆದು, 16.8 ಅನ್ನು ಮೊದಲು, 19.8 ಅನ್ನು ಆಮೇಲೆ ಇಟ್ಟು ಕಳುಹಿಸಿದೆ. ಒಂಬತ್ತು ದಿನಗಳ ನಂತರ 148.5 ಗಂಟೆಗೆ ಒಪ್ಪಿ, ಜನವರಿ 1ರ ಏಳೂವರೆ ಕಳೆದು 141 ಗಂಟೆ ಬಾಕಿ ಇದೆಯೆಂದು ಬರೆದಿದ್ದಾರೆ. ಊರಿನ ಮೂರು ವಾರಕ್ಕೆ 67.5 ಗಂಟೆ ತೆಗೆದಿಟ್ಟೆ. ಯುಗಾದಿ ಮಾರ್ಚ್ 19, ನನ್ನ ಕೆಲಸದ ಗುರುವಾರವೇ. ಅಂದಿನ ಏಳೂವರೆ ಗಂಟೆಗೂ ಅರ್ಜಿ ಹಾಕಿದ್ದೇನೆ.