ಫ್ರಂಟ್ ಮಳೆಪಟ್ಟಿ ಮಾಡೆಲ್‌ನಲ್ಲಿ ಯಾಕೆ ಹರಡ್ಕೊಳ್ತಿದೆ?

ಚಿಂತಾಮಣಿ_ಹುಡ್ಗ:
ಪ್ರಾಜೆಕ್ಟ್‌ಗೆ ಡಬ್ಲ್ಯುಆರ್‌ಎಫ್‌ನಲ್ಲಿ (ಹವಾಮಾನ ಲೆಕ್ಕ ಹಾಕೋ ಕಂಪ್ಯೂಟರ್ ಮಾಡೆಲ್ಲು) ಬ್ರಿಟನ್ ಕಡೆಯ ಒಂದು ಕೋಲ್ಡ್ ಫ್ರಂಟ್ (ತಣ್ಣಗಿನ ಗಾಳಿ ಬೆಚ್ಚಗಿನ ಗಾಳಿನ ತಳ್ಕೊಂಡು ಬರೋ ಗಡಿ) ಓಡಿಸ್ತಿದೀನಿ, 12 ಕಿ.ಮೀ. ಚೌಕದ ಗ್ರಿಡ್ಡು. ರಾಡಾರ್‌ನಲ್ಲಿ ಮಳೆ ಚಾಕುಲಿ ಗೀರಿದಂಗೆ ಸಣ್ಣ ಗೆರೆ, ನನ್ ಮಾಡೆಲ್‌ನಲ್ಲಿ ಮಾತ್ರ ಸಗಣಿ ಸಾರಿಸ್ದಂಗೆ ಅಗಲಕ್ಕೆ ಹರಡಿ ಜಿನುಗ್ತಾ ಇದೆ. ಎಲ್ಲಿ ತಪ್ಪಿದೀನಿ?

ಶಿರಾ_ಮೋಡ:
ತಪ್ಪೇನಿಲ್ಲ ಕಣಪ್ಪ. ತಣ್ಣಗಿನ ಭಾರದ ಗಾಳಿ ಬೆಚ್ಚಗಿನ ಗಾಳಿ ಕೆಳಗೆ ನುಗ್ಗಿ ಅದನ್ನ ನೆಟ್ಟಗೆ ಮೇಲೆತ್ತೋ ಜಾಗ ಇರೋದೇ ಕೆಲವೇ ಕಿ.ಮೀ. ಅಗಲ, ಅದು ನಿನ್ ಒಂದೇ ಚೌಕದೊಳ್ಗೆ ಮುಳುಗೋಯ್ತು. ಜರಡಿ ಕಣ್ಣು ದೊಡ್ದಿದ್ರೆ ರಾಗಿ ನಿಲ್ಲುತ್ತಾ? ಮೂರರ ಅನುಪಾತದಲ್ಲಿ ಒಳಗೆ 4, ಅದ್ರೊಳಗೆ 1.33 ಕಿ.ಮೀ. ನೆಸ್ಟ್ (ಒಳಗಿನ ಸಣ್ಣ ಚೌಕದ ಗ್ರಿಡ್ಡು) ಹಾಕು, ಆ ಒಳಗಿನದ್ರಲ್ಲಿ ಕ್ಯುಮುಲಸ್ ಸ್ಕೀಮ್ (ಚೌಕಕ್ಕಿಂತ ಸಣ್ಣ ಮೋಡದ ಮಳೆನ ಅಂದಾಜಲ್ಲಿ ಸೇರ್ಸೋದು) ಆಫ್ ಮಾಡು, ಮೋಡನ ಮಾಡೆಲ್ಲೇ ಎಬ್ಬಿಸ್ಲಿ. ಟೈಮ್ ಸ್ಟೆಪ್ಪು (ಮಾಡೆಲ್ಲು ಒಂದೊಂದ್ ಸಲ ಮುಂದಕ್ಕೆ ಹಾಕೋ ಸಮಯದ ಹೆಜ್ಜೆ) ಮರೀಬೇಡ, ಗ್ರಿಡ್ಡಿನ ಕಿ.ಮೀ.ಗೆ 6 ಸೆಕೆಂಡ್ ಲೆಕ್ಕ, ಜಾಸ್ತಿ ಇಟ್ರೆ ರನ್ನು ಮಧ್ಯದಲ್ಲೇ ಢಮಾರ್ (ನಂದು ರಾತ್ರಿ ಎರಡ್ ಗಂಟೆಗೆ ಹಂಗೇ ಹೋಯ್ತು, ಲಾಗ್ ನೋಡಿದ್ರೆ ಬರೀ ಸಿಎಫ್ಎಲ್ ಎರರ್ರು, ಅಂದ್ರೆ ಚೌಕಕ್ಕೆ ಹೆಜ್ಜೆ ದೊಡ್ದಾಯ್ತು ಅಂತ).

ಮಾಲೂರಿನವ್ನು:
ಅಣ್ಣ, ಇದನ್ನ ನಮ್ ಕೋಲಾರದ ಮಳೆ ಮೇಲೆ ಟೆಸ್ಟ್ ಮಾಡ್ಬೋದಾ?

ಶಿರಾ_ಮೋಡ:
ನಮ್ ಕಡೆ ಅಂಥ ಫ್ರಂಟೇ ಬರಲ್ವಲ್ಲ. 1919ರ ಹೊತ್ತಿಗೆ ನಾರ್ವೆಯ ಬರ್ಗೆನ್‌ನಲ್ಲಿ ಹವಾಮಾನ ವಿಜ್ಞಾನಿ ಬ್ಯರ್ಕ್ನೆಸ್ ಕಡೆಯವ್ರು ಫ್ರಂಟ್ ಲೆಕ್ಕ ಹಾಕಿದ್ದು ಅವರ ಸೀಮೆ ಮಳೆಗೆ. ನಮ್ದು ಮೇ ಸಂಜೆ ಗುಡುಗು, ಇಲ್ಲಾ ನವೆಂಬರ್‌ನಲ್ಲಿ ಬಂಗಾಳಕೊಲ್ಲಿ ವಾಯುಭಾರ ಕುಸಿತ. ಸೈಕ್ಲೋನ್ ಬಂದ್ರೆ ಸುರುಳಿ ಮಳೆಪಟ್ಟಿ ಸಿಗುತ್ತೆ, ಅದನ್ನ ಓಡ್ಸಿ ನೋಡು.

ಚಿಂತಾಮಣಿ_ಹುಡ್ಗ:
1.33ಕ್ಕೆ ಇಳಿಸ್ದೆ, ಗೆರೆ ಬಂತು! ಮಧ್ಯ ಮಧ್ಯ ತುಂಡಾಗಿದೆ, ರಾಡಾರ್‌ನಲ್ಲೂ ಹಂಗೇ ಇದೆ. ಆದ್ರೆ 40 ನಿಮಿಷ ಲೇಟು.