ಏರು ಹತ್ತಿದರೆ ಅಮ್ಮನಿಗೆ ಏದುಸಿರು, ಇದು ಹೃದಯದ ವಾಲ್ವ್ ತೊಂದರೆಯಾ?

ಮಾದಾಪುರದ ಮಗಳು:
ಅಮ್ಮನಿಗೆ 54 ವರ್ಷ. ಹೋದ ವರ್ಷದವರೆಗೂ ಕಾಫಿ ಕುಯ್ಯುವುದರಲ್ಲಿ ಎಲ್ಲರಿಗಿಂತ ಮುಂದೆ. ಈ ಸಲ ತೋಟದಿಂದ ಮನೆಗೆ ಏರು ಹತ್ತುವಾಗ ಸಿಲ್ವರ್ ಮರ ಹಿಡಿದುಕೊಂಡು ನಿಲ್ಲುತ್ತಾರೆ. ರಾತ್ರಿ ಎರಡು ದಿಂಬು ಬೇಕು. ಸಂಜೆ ಪಾದ ಊದುತ್ತದೆ. ಇಸಿಜಿ ಸರಿಯಾಗಿದೆ, ಗ್ಯಾಸ್ ಇರಬಹುದು ಅಂದರು. ನನಗೆ ಸಮಾಧಾನವೇ ಇಲ್ಲ.

ವಿರಾಜಪೇಟೆ ನರ್ಸ್, ಈಗ ಮೈಸೂರು:
ತಂಗಿ, ಇಷ್ಟಕ್ಕೇ ಬಿಡಬೇಡ. ವಾಲ್ವ್, ಅಂದರೆ ಹೃದಯದೊಳಗೆ ರಕ್ತ ದಾಟುವ ಬಾಗಿಲು, ಕಿರಿದಾಗಿದ್ದರೂ, ಸೋರುತ್ತಿದ್ದರೂ ಇಸಿಜಿ ಸರಿಯಾಗಿಯೇ ಬರಬಹುದು. ಅದು ಗೊತ್ತಾಗುವುದು ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗಿನಲ್ಲಿ. ಸ್ಟೆತಸ್ಕೋಪ್ ಇಟ್ಟು ಗಮನವಿಟ್ಟು ಕೇಳಿದರೆ ಮರ್ಮರ್ ಅನ್ನುವ ಅಸಹಜ ಸದ್ದು ಸಿಗುವುದೂ ಉಂಟು. ಮಲಗಿದರೆ ಉಸಿರು ಕಟ್ಟುವುದು, ನಿದ್ದೆಯಿಂದ ದಡಕ್ಕನೆ ಎದ್ದು ಕೂರುವುದು, ಎದೆ ಡವಗುಟ್ಟುವುದು ಇವೆಯಾ ನೋಡು. ನಮ್ಮ ಕಡೆ ಹೆಂಗಸರು ಇದನ್ನೆಲ್ಲ ಸುಸ್ತು ಅಂತ ನುಂಗಿಕೊಳ್ಳುತ್ತಾರೆ, ಅದೇ ನನಗೆ ಸಂಕಟ.

ಇನ್ನೊಂದು ಕೇಳು. ಚಿಕ್ಕವರಿದ್ದಾಗ ಜ್ವರ ಬಂದು ಕೀಲು ಊದಿತ್ತಾ? ಗಂಟಲು ನೋವಿನ ನಂತರ ಬರುವ ರುಮ್ಯಾಟಿಕ್ ಜ್ವರ ಜಾಸ್ತಿ ಕಾಣುವುದು 5ರಿಂದ 15 ವರ್ಷದ ಮಕ್ಕಳಲ್ಲಿ. ಕೀಲು ವಾಸಿಯಾಗುತ್ತದೆ, ವಾಲ್ವಿಗೆ ಆದ ಪೆಟ್ಟು ಉಳಿದುಬಿಡುತ್ತದೆ. ಎಷ್ಟೋ ವರ್ಷದ ಮೇಲೆ ಏದುಸಿರಾಗಿ ಕಾಣುತ್ತದೆ. ಬಸುರಿಯಾಗಿದ್ದಾಗ ಮೊದಲ ಸಲ ಗೊತ್ತಾದವರೂ ಇದ್ದಾರೆ.

ಸುಂಟಿಕೊಪ್ಪದವನು:
ನಮ್ಮ ಅಪ್ಪನಿಗೆ ಕಾಲು ಊದಲೇ ಇಲ್ಲ. ಏರು ಹತ್ತುವಾಗ ಎದೆ ಹಿಡಿದ ಹಾಗೆ ಆಗುತ್ತಿತ್ತು, ಒಂದು ದಿನ ತಲೆ ಸುತ್ತಿ ಬಿದ್ದರು. ವಯಸ್ಸಿಗೆ ಕ್ಯಾಲ್ಸಿಯಂ ಕೂತು, ಹೃದಯದಿಂದ ಮೈಗೆ ರಕ್ತ ಹೋಗುವ ಅಯೋರ್ಟಿಕ್ ವಾಲ್ವ್ ಗಟ್ಟಿಯಾಗಿತ್ತು. ದುಡಿಯುವಾಗ ಪ್ರಜ್ಞೆ ತಪ್ಪಿದರೆ ಒಂದು ದಿನವೂ ಕಾಯಬೇಡಿ.

ಮಾದಾಪುರದ ಮಗಳು:
ಅಕ್ಕಾ, ಅಮ್ಮನನ್ನು ಕೇಳಿದೆ. ಶಾಲೆಗೆ ಹೋಗುವಾಗ ಮೊದಲು ಮಂಡಿ, ಅದು ಇಳಿದ ಮೇಲೆ ಮೊಣಕೈ ಊದಿತ್ತಂತೆ. ಅಜ್ಜಿ ಎಣ್ಣೆ ತಿಕ್ಕಿದ್ದರಂತೆ.

ವಿರಾಜಪೇಟೆ ನರ್ಸ್, ಈಗ ಮೈಸೂರು:
ಒಂದು ಇಳಿದು ಇನ್ನೊಂದು ಊದಿತ್ತು ಅನ್ನುವುದನ್ನು ಡಾಕ್ಟರಿಗೆ ಹಾಗೇ ಹೇಳು. ಎಕೋ ಬರೆಸಿಕೋ. ಮಡಿಕೇರಿಯಲ್ಲಿ ಆಗದಿದ್ದರೆ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಕರೆದುಕೊಂಡು ಬಾ. ಅಷ್ಟರೊಳಗೆ ಕೂತಲ್ಲೇ ಉಸಿರು ಸಿಗದಿದ್ದರೆ, ಕೆಮ್ಮಿದಾಗ ಗುಲಾಬಿ ನೊರೆ ಬಂದರೆ, ಬೆಳಗಾಗಲಿ ಅನ್ನಬೇಡ, 108ಕ್ಕೆ ಫೋನ್ ಮಾಡು.