ಸಹಾಯ ಬೇಕು: ಬಾಯಿ ಹುಣ್ಣಿಗೆ ಐಸ್ ಕೊಡೋ ಹಾಗಿಲ್ಲ ಅಂದ್ರೆ ಇನ್ನೇನು?

ಬೆಂಗಳೂರಲ್ಲಿ ಕೀಮೋ ತಗೊಳ್ತಿರೋರ ಮನೆಯವರು, ನರ್ಸ್‌ಗಳು ದಯವಿಟ್ಟು ಹೇಳಿ. ಅತ್ತೆಯವರಿಗೆ ಎರಡು ವಾರಕ್ಕೊಮ್ಮೆ ಫಾಲ್‌ಫಾಕ್ಸ್ (5-ಎಫ್‌ಯು, ಆಕ್ಸಲಿಪ್ಲಾಟಿನ್ ಸೇರಿದ ಕೀಮೋ). ಐದಾರನೇ ದಿನಕ್ಕೆ ನಾಲಿಗೆ ಅಂಚು, ಕೆಳತುಟಿ ಒಳಗೆ ಸುಲಿದು ಹುಣ್ಣು. ತಿಳಿಸಾರೂ ಉರಿ.

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡಿಗೆ ಸೋಡಾ ಹಾಕಿ ದಿನಕ್ಕೆ 5-6 ಸಲ ಮುಕ್ಕಳಿಸ್ತಾರೆ. ಮೆತ್ತನೆ ಬ್ರಷ್. ಆಲ್ಕೋಹಾಲ್ ಇರೋ ಮೌತ್‌ವಾಶ್ ಬಿಡಿಸಿದ್ದೀವಿ. ಊಟ ರಾಗಿ ಗಂಜಿ, ಮೆಣಸಿನಕಾಯಿ ಇಲ್ಲದ ಮೊಸರನ್ನ. ಬಿಳಿ ಪದರ ಇಲ್ಲ, ಜ್ವರ ಇಲ್ಲ; 38 ಡಿಗ್ರಿ ಮುಟ್ಟಿದ್ರೆ ತಕ್ಷಣ ಆಸ್ಪತ್ರೆಗೆ ಅನ್ನೋದು ಗೊತ್ತು.

ಗೊಂದಲ ಇಲ್ಲಿ. 5-ಎಫ್‌ಯು ಬೋಲಸ್‌ಗೆ (ನರಕ್ಕೆ ಒಂದೇ ಸಲ ಬೇಗ ಕೊಡೋ ಡೋಸ್) 5 ನಿಮಿಷ ಮುಂಚಿನಿಂದ ಒಟ್ಟು 30 ನಿಮಿಷ ಐಸ್ ಚೂರು ಬಾಯಲ್ಲಿಟ್ಟರೆ ರಕ್ತನಾಳ ಕುಗ್ಗಿ ಔಷಧಿ ಅಲ್ಲಿಗೆ ಕಡಿಮೆ ಹೋಗುತ್ತೆ. ಆದರೆ ಅದೇ ದಿನ ಆಕ್ಸಲಿಪ್ಲಾಟಿನ್ ಕೂಡ ಇರುತ್ತಲ್ಲ! ಆ ಔಷಧಿ ತಗೊಂಡಾಗ ತಣ್ಣಗಿನದು ತಗುಲಿದ್ರೆ ಗಂಟಲು ಬಿಗಿಯುತ್ತೆ. ಫ್ರಿಜ್ಜಿನ ಹಾಲಿನ ಪ್ಯಾಕೆಟ್ ಮುಟ್ಟಿದ್ರೂ ಅವರ ಬೆರಳು ಜುಮ್ಮನ್ನುತ್ತೆ. ಆಮೇಲೆ 5-ಎಫ್‌ಯು ನಿಧಾನಕ್ಕೆ ಹರಿಸೋ 46 ಗಂಟೆ ಪಂಪ್‌ಗಂತೂ ಐಸ್ ಹಿಡಿದು ಕೂರೋಕಾಗಲ್ಲ.

ಇಂಥವರಿಗೆ ನಿಮ್ಮ ಡೇ ಕೇರ್‌ನಲ್ಲಿ ಐಸ್ ಬದಲು ಏನು ಮಾಡಿದ್ರು: ನೋವು, ಊತ ಕಡಿಮೆ ಮಾಡೋ ಬೆಂಜಿಡಮೈನ್ ಮೌತ್‌ವಾಶ್ ಮೊದಲ ದಿನದಿಂದಲೇ ಶುರು ಮಾಡಿದ್ರಾ, ಇಲ್ಲ ಡಾಕ್ಟರ್ ಬೋಲಸ್ ಡೋಸನ್ನೇ ತೆಗೆದ್ರಾ? ಮುಂದಿನ ಸೈಕಲ್‌ಗೆ ಮುಂಚೆ ಡಾಕ್ಟರ್ ಹತ್ರ ಯಾವುದನ್ನ ಕೇಳೋದು?